ಸಾಕಮ್ಮನಿಗೆ ಎಷ್ಟನೇ ನಂಬರು?

"ಸಾಕಮ್ಮಾ! ಸಾಕಮ್ಮಾ! ಸಾಕಮ್ಮೋ!"

ಮಂಡ್ಯದ ಒಂದು ಕಾಲೇಜು ಮೈದಾನದ ಅಂಚಿನಲ್ಲಿ ನಮ್ಮ ಹುಡುಗಿಯರು ಗಂಟಲು ಹರಿಯುವಂತೆ ಹೀಗೆ ಕೂಗುತ್ತಿದ್ದರು. ಗಟ್ಟಿ ಮಣ್ಣಿನ ಮೇಲೆ ಬಾಲು ಧಬ್ ಧಬ್ ಎನ್ನುವ ಸದ್ದು, ಅದರ ಮೇಲೆ ಈ ಕೂಗು. ಆ ಕಾಲೇಜಿನವರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನೋಡ್ರೇ, ಅವ್ರೇ ಸಾಕು ಸಾಕು ಅಂತಾವ್ರೆ, ಬುಟ್ಬುಡ್ರೇ ಪಾಪ!" ಎಂದು ಒಬ್ಬಳು ಕಿರುಚಿದಳು. ರೆಫರಿ ವಿಸಿಲ್ ಊದಿ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು. "ಮೇಡಂ, ನಿಮ್ಮ ಟೀಮು ಸೋಲು ಒಪ್ಪಿಕೊಳ್ತಾ ಇದೆಯಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ನೋ ಸರ್," ಎಂದೆ. "ಅದು ಆ ಹುಡುಗಿಯ ಹೆಸರು."

ನನಗೀಗ ಎಪ್ಪತ್ತು ದಾಟಿದೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವ ಸ್ಟೇಜಿಗೆ ಬಂದಿದ್ದೇನೆ. ಆದರೆ ಆ ಕೂಗು ಮಾತ್ರ ಕಿವಿಯಲ್ಲಿ ಎಲ್ಲೋ ಭದ್ರವಾಗಿತ್ತು. ಹೋದ ವಾರ ಅಲೀಂ ಬಂದು ನಮ್ಮ ಟೀಪಾಯಿಯ ಮೇಲೆ ಪೇಂಟ್ ಅಂಗಡಿಯ ಶೇಡ್ ಕಾರ್ಡನ್ನು ಇಸ್ಪೀಟಿನ ಹಾಗೆ ಹರಡಿದನಲ್ಲ, ಆಗ ಮತ್ತೆ ಕೇಳಿಸಿತು.

ಅಲೀಂ ಚನ್ನಪಟ್ಟಣದ ಬೊಂಬೆ ವ್ಯಾಪಾರದವನು, ನನ್ನ ಹಳೆಯ ಸ್ಟೂಡೆಂಟು. ಇಂಗ್ಲಿಷ್ ಕ್ಲಾಸಿನಲ್ಲಿ 'ದಿ' ಎಲ್ಲಿ ಹಾಕಬೇಕು ಎಂದು ಕೊನೆಯವರೆಗೂ ಅವನಿಗೆ ತಿಳಿಯಲಿಲ್ಲ. ಈಗ ನಮ್ಮ ರಾಮನಗರದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಪ್ರೆಸಿಡೆಂಟು. ಕಾಲೇಜಿಗೆ ಹೊಸ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಬಂದಿದೆ, ಅದರ ತುದಿಯ ಗೋಡೆಯ ಮೇಲೆ ಇಲ್ಲಿ ಆಡಿದ ಹುಡುಗಿಯರಲ್ಲಿ ಐದು ಜನ ಗ್ರೇಟ್ ಪ್ಲೇಯರುಗಳ ಹೆಸರನ್ನು ಒಂದು, ಎರಡು ಎಂದು ನಂಬರು ಹಾಕಿ ಬರೆಸುತ್ತಾರಂತೆ. ಅದಕ್ಕೊಂದು ಕಮಿಟಿ, ಅದರಲ್ಲಿ ನಾನೂ ಇದ್ದೇನೆ.

"ಅಕ್ಷರಕ್ಕೆ ಯಾವ ಬಣ್ಣ ಇರ್ಲಿ ಮೇಡಂ? ನಮ್ಮ ಬೊಂಬೆ ಹಳದಿ ಹಾಕ್ಸಿದ್ರೆ ದೂರಕ್ಕೂ ಹೊಡೀತದೆ."

"ಬಣ್ಣ ಇರಲಿ. ಹೆಸರು ಹೇಳು."

ಅವನು ಐದು ಹೆಸರು ಹೇಳಿದ. ಒಂದನೆಯದು ಕನಕಪುರದ ವಿಮಲಾ, ಸ್ಟೇಟ್ ಟೀಮಿಗೆ ಆಡಿದವಳು. ಉಳಿದ ನಾಲ್ವರು ಆಮೇಲಿನ ಕಾಲದವರು. ನಾನು ಕಾದೆ. ಅವನು ಹಳದಿ ಬಣ್ಣದ ಕಡೆಗೆ ಮತ್ತೆ ಬೆರಳಿಟ್ಟ.

"ಸಾಕಮ್ಮ ಎಲ್ಲಿ?"

"ಯಾವ ಸಾಕಮ್ಮ ಮೇಡಂ?"

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ಗೋಡೆಯ ಮೇಲೆ ಸಾಕಮ್ಮನ ಹೆಸರು ಬರದೆ ನಾನು ಈ ಊರಿನಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನ ಮಾಡಿದೆ. ನನ್ನನ್ನು ಬಲ್ಲವರಿಗೆ ಗೊತ್ತು, ನನ್ನ ಯಜಮಾನರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ನಾನು ಲೋಟ ಕೆಳಗಿಟ್ಟರೆ ಮಾತು ಮುಗಿಯಿತು ಎಂದಲ್ಲ, ಶುರುವಾಯಿತು ಎಂದರ್ಥ.

ಮೊದಲು ಆ ಹೆಸರಿನ ವಿಷಯ ಹೇಳಿಬಿಡುತ್ತೇನೆ. ಸಾಕಮ್ಮ ದೊಡ್ಡಆಲಹಳ್ಳಿಯವಳು. ಅವರ ಮನೆಯಲ್ಲಿ ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣೇ ಆದಾಗ, ಸಾಕು ದೇವರೇ ಎಂದು ಇಟ್ಟ ಹೆಸರದು. ಅವಳೇ ನಗುತ್ತ ಹೇಳಿದ್ದಳು. "ಹೆಸರೇನೂ ಕೆಲ್ಸ ಮಾಡ್ಲಿಲ್ಲ ಮೇಡಮ್ಮೋರೆ. ನನ್ನ ಹಿಂದ್ಗಡೆ ಇನ್ನೊಬ್ಳು ಹುಟ್ಟುದ್ಲು."

"ಅವಳಿಗೇನು ಹೆಸರಿಟ್ಟರು?"

"ಸರೋಜ. ಅಷ್ಟೊತ್ಗೆ ನಮ್ಮಪ್ಪಂಗೂ ಸಾಕಾಗಿತ್ತು."

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಬೆಳೆದವಳು. ಬಿಳಿ ರಿಬ್ಬನ್ನು, ಪಾಲಿಶ್ ಹಾಕಿದ ಷೂ, ಸಾಲಾಗಿ ನಿಂತು ಪ್ರಾರ್ಥನೆ, ಎಲ್ಲದಕ್ಕೂ ಒಂದೊಂದು ಬೆಲ್ಲು. ಸಂಜೆ ನಾಲ್ಕಕ್ಕೆ ಸಿಸ್ಟರ್ ಬರ್ನಡೆಟ್ ತಮ್ಮ ಉದ್ದನೆಯ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ವಿಸಿಲ್ ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದರು. "ಬ್ಯಾಸ್ಕೆಟ್‌ಬಾಲ್, ಗರ್ಲ್ಸ್!" ಎನ್ನುತ್ತಿದ್ದರು. ಏಳೇಳು ಹುಡುಗಿಯರು. ಎದೆಯ ಮೇಲೆ ಇಂಗ್ಲಿಷ್ ಅಕ್ಷರ ಬರೆದ ಬಟ್ಟೆ ಕಟ್ಟಿಕೊಳ್ಳಬೇಕು. ಜಿ.ಎಸ್. ಎಂದರೆ ಗೋಲು ಹಾಕುವವಳು, ಜಿ.ಡಿ. ಎಂದರೆ ತಡೆಯುವವಳು, ಹೀಗೆ. ಒಬ್ಬೊಬ್ಬರಿಗೂ ಒಂದೊಂದು ಗೆರೆ, ಅದನ್ನು ದಾಟಿದರೆ ಫೌಲು. ಬಾಲು ಕೈಗೆ ಬಂದರೆ ಕಂಬದ ಹಾಗೆ ನಿಲ್ಲಬೇಕು, ಓಡಿದರೆ ಫೌಲು. ಆ ಆಟ ನನಗೆ ಬಹಳ ಹಿಡಿಸಿತ್ತು. ಅದರಲ್ಲಿ ಕೂದಲು ಕೆದರುತ್ತಿರಲಿಲ್ಲ.

ರಾಮನಗರಕ್ಕೆ ಇಂಗ್ಲಿಷ್ ಲೆಕ್ಚರರ್ ಆಗಿ ಬಂದ ಹೊಸತರಲ್ಲಿ ಪ್ರಿನ್ಸಿಪಾಲರು ಕರೆದು, "ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಟೀಮು ಕಟ್ಟಬೇಕಮ್ಮ, ಯಾರಿಗೂ ಗೊತ್ತಿಲ್ಲ, ನೀವು ಕಾನ್ವೆಂಟಿನವರು" ಎಂದರು. "ವಿತ್ ಪ್ಲೆಷರ್ ಸರ್" ಎಂದೆ.

ಸಿಸ್ಟರ್ ಕಲಿಸಿದ್ದು ನೆಟ್‌ಬಾಲ್ ಎಂಬ ಬೇರೆಯೇ ಆಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವರ ಕಾಲದಲ್ಲಿ, ಅವರ ಊರಿನಲ್ಲಿ, ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಎಂದರೆ ಅದೇ ಇತ್ತೋ ಏನೋ. ನಾನು ಮಾತ್ರ ಶ್ರದ್ಧೆಯಿಂದ ಅದನ್ನೇ ಕಲಿಸಿದೆ. ನನ್ನ ಹಳೆಯ ಬಿಳಿ ಸೀರೆ ಹರಿದು ಅಕ್ಷರದ ಬಟ್ಟೆಗಳನ್ನು ಹೊಲಿದೆ. ರಿಂಗಿನ ಕಂಬಗಳು ಬಂದಾಗ ಅವುಗಳ ಹಿಂದೆ ದೊಡ್ಡ ಹಲಗೆ ಇತ್ತು. ಕಾನ್ವೆಂಟಿನಲ್ಲಿ ಬರೀ ರಿಂಗು. ಈ ಹಲಗೆ ಯಾಕೆ, ಗಾಳಿಗೆ ಅಡ್ಡ ಎಂದುಕೊಂಡು ಬಡಗಿಯನ್ನು ಕರೆಸಿ ಎರಡನ್ನೂ ಬಿಚ್ಚಿಸಿ, ಲೇಡೀಸ್ ರೂಮಿನ ಹೊರಗೆ ನೋಟಿಸ್ ಬೋರ್ಡು ಮಾಡಿಸಿದೆ. ನಗಬೇಡಿ. ಬಹಳ ಒಳ್ಳೆಯ ನೋಟಿಸ್ ಬೋರ್ಡುಗಳಾಗಿದ್ದವು.

ಪ್ರಾಕ್ಟೀಸು ಬೆಳಿಗ್ಗೆ, ಕ್ಲಾಸಿಗೆ ಮುಂಚೆ. ಚನ್ನಪಟ್ಟಣದವರು ರೈಲಿಗೆ ಬರಬೇಕು. ವಿಮಲಾ ಕನಕಪುರದ ಬಸ್ಸಿಗೆ. ಮಾಗಡಿಯ ಕಡೆಯವರಿಗೆ ರೈಲೇ ಇಲ್ಲ, ಬಸ್ಸು ಬಂದಾಗ ಬಂತು. ದಿನವೂ ಯಾರಾದರೊಬ್ಬರು ಲೇಟು. ಸಾಕಮ್ಮ ಒಬ್ಬಳೇ ಹಾಸ್ಟೆಲಿನಲ್ಲಿದ್ದವಳು, ನನಗಿಂತ ಮುಂಚೆ ಬಂದು ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಹಾಗಾಗಿ ಯಾರು ಬರಲಿಲ್ಲವೋ ಅವರ ಅಕ್ಷರ ಅವಳ ಎದೆಗೆ. ಸೋಮವಾರ ಗೋಲು ಹಾಕುವವಳು, ಮಂಗಳವಾರ ತಡೆಯುವವಳು, ಬುಧವಾರ ನಡುವಿನವಳು. "ಇವತ್ಯಾರ್ ಸತ್ತವ್ರೆ?" ಎಂದು ಕೇಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. "ಸಾಕಮ್ಮ, ಲ್ಯಾಂಗ್ವೇಜ್!" ಎಂದು ನಾನು ಗದರುತ್ತಿದ್ದೆ.

ಮಂಡ್ಯದಲ್ಲಿ ನಮ್ಮ ಮೊದಲ ಮ್ಯಾಚು. ನಮ್ಮ ಏಳು ಹುಡುಗಿಯರು ಅಕ್ಷರ ಕಟ್ಟಿಕೊಂಡು ಕೋರ್ಟಿಗೆ ಇಳಿದರು. ರೆಫರಿ ಎಣಿಸಿದರು, ಮತ್ತೆ ಎಣಿಸಿದರು, ಆಡುವುದು ಐದೇ ಜನ, ಇಬ್ಬರನ್ನು ಹೊರಗೆ ಕಳಿಸಿ ಎಂದರು. ಕೋರ್ಟಿನ ಅಂಚಿಗೆ ಹತ್ತಿರ ನಿಂತಿದ್ದ ಇಬ್ಬರನ್ನು ಕರೆದೆ. ಅದರಲ್ಲೊಬ್ಬಳು ಸಾಕಮ್ಮ. ಆಟ ಶುರುವಾಯಿತು. ಮಂಡ್ಯದ ಹುಡುಗಿಯರು ಬಾಲನ್ನು ನೆಲಕ್ಕೆ ಬಡಿಯುತ್ತ ಓಡಿಯೇ ಓಡಿದರು. ನಮ್ಮವರು ಬಾಲು ಸಿಕ್ಕ ಕೂಡಲೇ ಬೇಲೂರಿನ ಶಿಲಾಬಾಲಿಕೆಯರ ಹಾಗೆ ನಿಂತರು. ನಾನು ಎದ್ದು, "ಫೌಲ್! ಶಿ ಈಸ್ ರನ್ನಿಂಗ್ ವಿತ್ ದ ಬಾಲ್!" ಎಂದು ಕೂಗಿದೆ. ರೆಫರಿ ತಿರುಗಿ ನೋಡಿ, "ಮೇಡಂ, ಅದಕ್ಕೇ ಡ್ರಿಬಲ್ ಅನ್ನೋದು" ಎಂದರು. ಆ ಮನುಷ್ಯನ ಮುಖದಲ್ಲಿದ್ದ ಕನಿಕರವನ್ನು ನಾನು ಈಗಲೂ ಕ್ಷಮಿಸಿಲ್ಲ.

ಹಾಫ್‌ಟೈಮಿನಲ್ಲಿ ಸಾಕಮ್ಮ ಹತ್ತಿರ ಬಂದಳು. "ಮೇಡಮ್ಮೋರೆ, ಇದು ನಮ್ಮಾಟ ಅಲ್ಲ. ಬ್ಯಾರೆ ಆಟ."

"ಗೊತ್ತಾಯಿತು."

"ಹಂಗಾರೆ ಅವ್ರುದ್ದೇ ಆಡಾದಾ, ನಮ್ದೇ ಆಡಾದಾ?"

"ಅವರದೇ ಆಡು."

"ಹಂಗಾರೆ ಗೆರೆ ಮರ್ತುಬುಡ್ರೇ ಅಂತ ಎಲ್ಲಾರ್ಗೂ ಯೋಳಿ. ನನ್ನ ಒಳಿಕ್ಕೆ ಬುಡಿ."

ಬಿಟ್ಟೆ. ಅವಳು ಬಾಲನ್ನು ನೆಲಕ್ಕೆ ಬಡಿಯುತ್ತ ಹೊರಟಾಗಲೇ ನಮ್ಮವರು ಆ ಕೂಗು ಹಾಕಿದ್ದು, ಮಂಡ್ಯದವರು ನಕ್ಕಿದ್ದು. ಆ ಮ್ಯಾಚು ನಾವು ಸೋತೆವು, ಹೀನಾಯವಾಗಿಯೇ. ಆದರೆ ದ್ವಿತೀಯಾರ್ಧ ಮುಗಿಯುವ ಹೊತ್ತಿಗೆ ಅವರ ನಗು ನಿಂತಿತ್ತು. ರಾಮನಗರಕ್ಕೆ ವಾಪಸು ಬಂದವಳೇ ನೋಟಿಸುಗಳನ್ನು ಕಿತ್ತು ಹಲಗೆಗಳನ್ನು ಕಂಬಕ್ಕೆ ಕಟ್ಟಿಸಿದೆ.

ಆಮೇಲೆ ಎರಡು ವರ್ಷ ಅವಳು ಆಡಿದಳು. ಟೀಮಿನ ಪಟ್ಟಿಯಲ್ಲಿ ಅವಳ ಜಾಗ ಗಾರ್ಡ್ ಎಂದು ಬರೆಯುತ್ತಿದ್ದೆವು. ಅವರಪ್ಪ ಊರಿನಲ್ಲೆಲ್ಲ "ನಮ್ಮುಡ್ಗಿ ಗಾರ್ಡ್ ಆಗವ್ಳೆ" ಎಂದು ಹೇಳಿ, ರೈಲಿನ ಕೆಲಸವೇ ಸಿಕ್ಕಿತೆಂದು ನೆಂಟರೆಲ್ಲ ಬಂದು ಉಂಡುಹೋಗಿದ್ದರಂತೆ. ಆದರೆ ಗಾರ್ಡ್ ಎಂಬ ಮಾತಿನಲ್ಲಿ ಅವಳು ಹಿಡಿಯುತ್ತಿರಲಿಲ್ಲ. ಬಾಲು ತರುವವಳೂ ಅವಳೇ, ಎದುರಿನ ಟೀಮಿನ ಅತಿ ಎತ್ತರದವಳಿಗೆ ಅಂಟಿಕೊಳ್ಳುವವಳೂ ಅವಳೇ. ವಿಮಲಾ ಫೌಲಾಗಿ ಹೊರಗೆ ಬಂದರೆ ರಿಂಗಿನ ಕೆಳಗೆ ನಿಲ್ಲುವವಳೂ ಅವಳೇ. ಪ್ರತಿಯೊಬ್ಬಳ ಜಾಗದಲ್ಲೂ ತಾನು ನಿಂತಿದ್ದವಳಾದ್ದರಿಂದ, ಯಾರು ಯಾವಾಗ ಎಲ್ಲಿರುತ್ತಾರೆ ಎಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಿತ್ತು. ಅವಳು ಖಾಲಿ ಜಾಗಕ್ಕೆ ಬಾಲು ಎಸೆದಳು ಎಂದು ನಾವು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಆ ಜಾಗದಲ್ಲಿ ವಿಮಲಾ ಇರುತ್ತಿದ್ದಳು. ವಿಮಲಾ ಬ್ಯಾಸ್ಕೆಟ್ ಹಾಕುತ್ತಿದ್ದಳು. ಜನ ವಿಮಲಾಗೆ ಚಪ್ಪಾಳೆ ತಟ್ಟುತ್ತಿದ್ದರು.

ಕಮಿಟಿ ಮೀಟಿಂಗು ನಮ್ಮ ಮನೆಯಲ್ಲೇ ಆಯಿತು. ಕಮಿಟಿ ಎಂದರೆ ಅಲೀಂ, ನಾನು ಮತ್ತು ಸ್ವತಃ ವಿಮಲಾ. ಬ್ಯಾಂಕಿನಿಂದ ರಿಟೈರ್ ಆದ ಮೇಲೂ ಅದೇ ಎತ್ತರ, ಅದೇ ನೇರ ಬೆನ್ನು. ಕನಕಪುರದಿಂದ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು.

"ಮೇಡಂ, ನಾನು ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ," ಎಂದು ಶುರುಮಾಡಿದಳು. "ಸಾಕಿ ಒಳ್ಳೆ ಪ್ಲೇಯರ್ರೇ. ಆದ್ರೆ ಯಾವುದ್ರಲ್ಲಿ ಫಸ್ಟು? ಶೂಟಿಂಗಲ್ಲಿ ನಾನು. ಓಡೋದ್ರಲ್ಲಿ ಮಾಗಡಿ ಹುಡುಗಿ. ದೂರದಿಂದ ಹಾಕೋದ್ರಲ್ಲಿ ಆಮೇಲೆ ಬಂದ ಹುಡುಗಿಯರು. ಎಲ್ಲದ್ರಲ್ಲೂ ಇವಳು ಸೆಕೆಂಡು."

"ಎಲ್ಲದರಲ್ಲೂ ಸೆಕೆಂಡ್ ಬರುವವಳು ಇನ್ನೊಬ್ಬಳನ್ನು ತೋರಿಸು."

"ಎರಡೇ ವರ್ಷ ಆಡಿದ್ದು. ಸ್ಟೇಟ್ ಆಡ್ಲಿಲ್ಲ."

"ಸ್ಟೇಟ್ ಸೆಲೆಕ್ಷನ್‌ಗೆ ಮುಂಚೆ ಮದುವೆ ಮಾಡಿದರು. ಅದು ಅವಳ ಆಟದ ತಪ್ಪಾ?"

"ತಪ್ಪು ಅಂತಲ್ಲ ಮೇಡಂ. ಆಡಿದ್ದನ್ನ ಬರೀಬೇಕು, ಆಡಬಹುದಾಗಿದ್ದನ್ನ ಬರೆಯೋಕಾಗುತ್ತಾ?"

ಅದು ಸರಿಯಾದ ಮಾತು. ಬ್ಯಾಂಕಿನಲ್ಲಿದ್ದವರ ಮಾತು ಬಹಳ ಸಲ ಸರಿಯಾಗಿಯೇ ಇರುತ್ತದೆ, ಅದೇ ಕಷ್ಟ.

ಅಲೀಂ ನಡುವೆ ಬಂದ. "ಮೇಡಂ, ಐದ್ನೇದು ಕೊಡೋಣ. ಐದ್ನೇ ಹುಡುಗಿ ದುಬೈನಲ್ಲಿದ್ದಾಳೆ, ಅವಳೇನು ಬಂದು ನೋಡ್ತಾಳಾ?"

"ಐದನೆಯವಳಾಗಿ ಹುಟ್ಟಿದ್ದಕ್ಕೇ ಅವಳಿಗೆ ಆ ಹೆಸರು ಬಂತು ಅಲೀಂ. ನಮ್ಮ ಕಾಲೇಜೂ ಅದನ್ನೇ ಹೇಳಬೇಕಾ?"

ಎರಡು ಸಲ ಕಾಫಿ ಆಯಿತು. ಈ ಕಾಲೇಜಿನಲ್ಲಿ ಆಡಿದ ಎಲ್ಲ ಹುಡುಗಿಯರ ಆಟವನ್ನೂ ಕಣ್ಣಾರೆ ನೋಡಿದವಳು ನಾನೊಬ್ಬಳೇ ಎಂದು ಹೇಳಿದೆ. ಆ ಮಾತು ನಿಜ, ಆದರೆ ಅದನ್ನು ನಾನು ಮೂರು ಸಲ ಹೇಳಿದ್ದು ಸ್ವಲ್ಪ ಓವರ್ ಆಯಿತು. ಕೊನೆಗೆ ವಿಮಲಾ ಕೈಚೀಲ ಎತ್ತಿಕೊಂಡಳು. "ಆಯ್ತು ಮೇಡಂ, ಎರಡು ಕೊಡಿ. ಒಂದನ್ನ ಮಾತ್ರ ಮುಟ್ಟಬೇಡಿ."

ಗೆದ್ದೆ ಎನ್ನಿಸಿತು. ಅಲೀಂ, "ಪೇಂಟರ್ ಶುಕ್ರವಾರ ಬರ್ತಾನೆ, ಇನ್ನು ಬದಲಾವಣೆ ಇಲ್ಲ" ಎಂದು ನನ್ನ ಮುಖ ನೋಡಿಯೇ ಹೇಳಿ ಹೋದ.

ಈ ಸಂತೋಷವನ್ನು ಫೋನಿನಲ್ಲಿ ಹೇಳುವುದು ಬೇಡ, ಮುಖ ನೋಡಿಯೇ ಹೇಳಬೇಕು ಎಂದು ಮೊನ್ನೆ ಬುಧವಾರ ಕೂಟಗಲ್‌ಗೆ ಹೊರಟೆ. ಸಾಕಮ್ಮನನ್ನು ಮದುವೆ ಮಾಡಿಕೊಟ್ಟಿದ್ದು ಅಲ್ಲಿಗೆ. ಮದುವೆಯ ಮನೆಯಲ್ಲಿ ನೋಡಿದ್ದು, ಆಮೇಲೆ ಒಂದೆರಡು ಸಲ ರೇಷ್ಮೆಗೂಡಿನ ಮಾರ್ಕೆಟಿನ ಬಳಿ, ಅಷ್ಟೆ. ದಾರಿಯುದ್ದಕ್ಕೂ ನಾನು ಒಂದು ಪುಟ್ಟ ಭಾಷಣ ತಯಾರು ಮಾಡಿಕೊಂಡೆ. ಅವಳು ಕಣ್ಣು ಒರೆಸಿಕೊಂಡರೆ ನಾನು ಏನು ಹೇಳಬೇಕು ಎಂಬುದನ್ನೂ ಸೇರಿಸಿ.

ಅವಳು ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ನನ್ನನ್ನು ಕಂಡು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಮೇಡಮ್ಮೋರಾ? ಅಯ್ಯೋ ಶಿವ್ನೇ, ಯಾವಾಗ ಇಷ್ಟ್ ಬೆಳ್ಗಾದ್ರಿ?"

"ನಿನ್ನ ಕೂದಲೇನು ಕಪ್ಪಗಿದೆಯಾ?"

"ನಂದು ಸೆರಗ್ನೊಳ್ಗೈತೆ ಬುಡಿ. ಅಲ್ಲೇ ಜಗ್ಲಿ ಮ್ಯಾಲೆ ಕೂತ್ಕಳಿ, ಒಳಿಕ್ ಬರ್ಬ್ಯಾಡಿ. ಹುಳ ನಾಕ್ನೇ ಜ್ವರದಲ್ಲವೆ."

ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ರೇಷ್ಮೆಹುಳು ಮೇವು ಬಿಟ್ಟು ಮಲಗುವ ಹೊತ್ತು. ಆಗ ಹೊರಗಿನವರು ಒಳಗೆ ಕಾಲಿಡಬಾರದು. ನಾನು ಜಗಲಿಯ ಮೇಲೆ ಕೂತು, ಅವಳು ಕೊಟ್ಟ ಮಜ್ಜಿಗೆ ಕುಡಿದು, ಗಂಟಲು ಸರಿಮಾಡಿಕೊಂಡು ಗೋಡೆಯ ವಿಷಯ ಹೇಳಿದೆ.

ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. "ಎಷ್ಟ್ನೇದು?" ಎಂದಳು.

"ಸೆಕೆಂಡ್! ಎರಡನೆಯದು."

"ಎಲ್ಡ್ನೇದಾ?"

"ಎರಡನೆಯದು ಅಂದರೆ ಕಮ್ಮಿಯೇನೇ?"

"ಒಂದ್ನೇದ್ಯಾರು?"

"ವಿಮಲಾ."

"ಯಾವ್ ಇಮ್ಲ? ಆ ಕನಕಪುರದ ಉದ್ದನೋಳಾ?" ಸೊಪ್ಪಿನ ಹೊರೆಯ ಹಗ್ಗ ಬಿಚ್ಚುತ್ತಿದ್ದ ಕೈ ನಿಂತಿತು. "ಹಂಗಾರೆ ನನ್ನೆಸ್ರು ಬರೀಲೇ ಬ್ಯಾಡಿ ಅನ್ನಿ."

"ಸಾಕಮ್ಮ! ನಾನು ನಿನಗೋಸ್ಕರ ಎಷ್ಟು ಜಗಳ ಆಡಿದೆ ಗೊತ್ತಾ?"

"ಇನ್ನೊಸಿ ಆಡ್ಬೇಕಾಗಿತ್ತು."

ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಬಿಸಿಲಿನಲ್ಲಿ ಅಷ್ಟು ದೂರ ಬಂದಿದ್ದೆ. ವಿಮಲಾ ಹಾಕಿದ ಪಾಯಿಂಟುಗಳು, ಸ್ಟೇಟ್ ಟೀಮು, ಅವಳು ಕಾಲೇಜಿಗೆ ಆಡಿದ ಮೂರು ವರ್ಷ, ಎಲ್ಲವನ್ನೂ ಹೇಳಿದೆ. ನನ್ನ ಎದುರು ವಿಮಲಾ ಹೇಳಿದ್ದನ್ನೆಲ್ಲ ಈಗ ವಿಮಲಾಳ ಪರವಾಗಿ ನಾನೇ ಒಪ್ಪಿಸುತ್ತಿದ್ದೆ. ಸಾಕಮ್ಮ ಪೂರ್ತಿ ಕೇಳಿಸಿಕೊಂಡಳು.

"ಹಾಕುದ್ಲು, ನಾನೆಲ್ ಇಲ್ಲಾಂದೆ?" ಎಂದಳು. "ಇಮ್ಲ ಬರ್ದೇ ಇದ್ ದಿನ ನಾವ್ ಆಡ್ತಿರ್ಲಿಲ್ವಾ?"

"ಆಡುತ್ತಿದ್ದೆವು."

"ಗೆದ್ದಿದ್ದೂ ಉಂಟು. ಈಗ ನೀವೇ ಯೋಳಿ ಮೇಡಮ್ಮೋರೆ, ನನ್ ಮದ್ವೆ ಒಪ್ಪಂದದ್ ದಿನ ಮೈಸೂರ್ನೋರ್ ಮ್ಯಾಚಿತ್ತಲ್ಲ, ನಾನ್ ಬರ್ಲಿಲ್ವಲ್ಲ, ಅವತ್ತೇನಾಯ್ತು?"

ಆ ದಿನ ಏನಾಯಿತು ಎಂದು ನನಗೆ ಗೊತ್ತಿತ್ತು, ಆದರೆ ಇಷ್ಟು ವರ್ಷ ಅದನ್ನು ಯೋಚಿಸಿಯೇ ಇರಲಿಲ್ಲ. ಬಾಲು ಗೆರೆಯಾಚೆ ಹೋಗಿತ್ತು, ನಮ್ಮ ಪಾಲಿಗೆ ಬಂದಿತ್ತು. ಅದನ್ನು ಒಳಗೆ ಎಸೆಯಬೇಕಾದವರು ಯಾರು? ವಿಮಲಾ ಮಾಗಡಿ ಹುಡುಗಿಯನ್ನು ನೋಡಿದಳು, ಅವಳು ಚನ್ನಪಟ್ಟಣದವಳನ್ನು ನೋಡಿದಳು. ಬಾಲು ನೆಲದ ಮೇಲೇ ಇತ್ತು. ರೆಫರಿ ಬಂದು ಅದನ್ನು ಒಬ್ಬಳ ಕೈಗೆ ಕೊಟ್ಟರು. ಅವಳು ಅದನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದಳು, ಹೊತ್ತು ಮೀರಿತೆಂದು ಅವರು ವಿಸಿಲ್ ಊದುವವರೆಗೆ. ಅವತ್ತು ಅದು ಮತ್ತೆ ಮತ್ತೆ ಹಾಗೆಯೇ ಆಯಿತು. ಚೆನ್ನಾಗಿ ಆಡಬಲ್ಲ ಐದು ಹುಡುಗಿಯರು, ಸ್ಟೇಟ್ ಆಡಲಿದ್ದವಳೊಬ್ಬಳು ಅವರಲ್ಲಿ, ಆದರೆ ಯಾರಿಗೂ ಆಟವನ್ನು ಶುರುಮಾಡುವುದು ಗೊತ್ತಿರಲಿಲ್ಲ.

ಮೀಟಿಂಗಿನಲ್ಲಿ ನಾನು ಈ ಮಾತು ಯಾಕೆ ಹೇಳಲಿಲ್ಲ? ನಾನು ಸಾಕಮ್ಮನ ಆಟವನ್ನು ಅಳೆದಿರಲಿಲ್ಲ, ತರಕಾರಿಯವನ ಹತ್ತಿರ ಮಾಡುವ ಹಾಗೆ ಚೌಕಾಸಿ ಮಾಡಿದ್ದೆ. ಐದರಿಂದ ಎರಡಕ್ಕೆ ಇಳಿಸಿಕೊಂಡು ಲಾಭವಾಯಿತೆಂದು ಬೀಗಿಕೊಂಡು ಬಂದಿದ್ದೆ. ವಿಮಲಾ ಹೇಳಿದ್ದಳಲ್ಲ, ಆಡಿದ್ದನ್ನು ಬರೆಯಬೇಕು ಎಂದು. ಆಡಿದ್ದೇ ಇದು. ಎರಡೇ ವರ್ಷವಾದರೂ ಆಡಿದ್ದು.

"ವಿಮಲಾ ಒಪ್ಪುವುದಿಲ್ಲ ಕಣೇ," ಎಂದೆ.

"ಒಪ್ಪುದ್ರೆ ಅವಳು ಇಮ್ಲ ಯಾಕಾಯ್ತಾಳೆ?" ಎಂದು ಸಾಕಮ್ಮ ನಕ್ಕಳು. "ನಂಗೋಸ್ಕರ ಅಂತ ಮಾಡ್ಬ್ಯಾಡಿ. ನಿಮ್ಗೆ ಎಲ್ಡು ಅನ್ಸುದ್ರೆ ಎಲ್ಡೇ ಬರ್ಸಿ, ನಾನ್ ಬಂದು ಸುಣ್ಣ ಬಳ್ಯಲ್ಲ. ಒಂದು ಅನ್ಸಿ ಎಲ್ಡು ಅಂತ ಬರ್ಸುದ್ರೆ ಮಾತ್ರ ಬ್ಯಾಡ."

ಬಸ್ಸಿನ ಹೊತ್ತಾಗಿತ್ತು. ಅವಳೇ ರಸ್ತೆಯವರೆಗೆ ಬಂದಳು. ಬಸ್ಸು ನಿಲ್ಲಿಸುವ ಅಂದಾಜಿನಲ್ಲಿರಲಿಲ್ಲ, ಅವಳು ಸೆರಗು ಸಿಕ್ಕಿಸಿಕೊಂಡು ರಸ್ತೆಯ ನಡುವೆ ನಿಂತಳು. ಡ್ರೈವರು ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದ.

"ಏನಜ್ಜಿ, ಬಸ್ ಮುಂದ್ಕೇ ಬರೋದಾ? ಸಾಯ್ಬೇಕಂತಿದೀಯಾ?"

"ನಮ್ ಮೇಡಮ್ಮೋರವ್ರೆ. ಕಾಲೇಜ್ತವ ಇಳ್ಸು. ಮೊಣಕಾಲ್ ನೋವೈತೆ, ನಿಧಾನಕ್ ಇಳ್ಸು," ಎಂದು ಅವಳು ಅವನಿಗೆ ಅಪ್ಪಣೆ ಮಾಡಿದಳು.

ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವಳು ಕೆಳಗೇ ನಿಂತಿದ್ದಳು. ಸೊಪ್ಪಿನ ಹಸಿರು ಹತ್ತಿದ್ದ ತೋರುಬೆರಳೊಂದನ್ನು ಮೇಲಕ್ಕೆ ಎತ್ತಿ ಹಿಡಿದಿದ್ದಳು. ಬಸ್ಸು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ, ಧೂಳಿನಲ್ಲಿ ಅವಳು ಆ ಬೆರಳು ಇಳಿಸದೆ ನಿಂತೇ ಇದ್ದಳು. ಕಂಡಕ್ಟರು ಫ್ರೀ ಟಿಕೆಟಿಗೆಂದು ನಾನು ತೋರಿಸಿದ ಆಧಾರ್ ಕಾರ್ಡು ನೋಡಿ, ಹಿಂದೆ ತಿರುಗಿ ಅವಳ ಬೆರಳನ್ನೂ ನೋಡಿ, "ಒಂದಾ ಅಮ್ಮ?" ಎಂದ.

"ಹೌದಪ್ಪ," ಎಂದೆ. "ಒಂದೇ."